ಒಂದೇ ಸ್ಕ್ರಿಪ್ಟು, ಮೂರು ಮಷೀನು, ಮೂರು ಉತ್ತರ

2024ರ ಕೊನೇಲಿ ನಮ್ಮ ಟೀಮಲ್ಲಿ ನಡೆದ ಕೇಸು ಇದು. ಪೂರ್ತಿ ಬರೀತಿದೀನಿ, ಯಾಕಂದ್ರೆ ಶುರುವಲ್ಲಿ ನಾವೆಲ್ಲ ಅನ್ಕೊಂಡಿದ್ದೇ ಒಂದು, ಕೊನೆಗೆ ಸಿಕ್ಕಿದ್ದೇ ಇನ್ನೊಂದು.

ಹಿನ್ನೆಲೆ ಇಷ್ಟೇ. 2021ನೇ ವರ್ಷದ ಸಪೋರ್ಟ್ ಟಿಕೆಟ್‌ಗಳ ಮೇಲೆ 2022ರ ಶುರುವಲ್ಲಿ ಒಂದು ರಿಪೋರ್ಟ್ ಹೋಗಿತ್ತು. ಯಾವ ತಿಂಗಳು ಎಷ್ಟು ಟಿಕೆಟ್ ಬಂತು ಅನ್ನೋ ಲೆಕ್ಕ, ಒಂದು ಎಕ್ಸೆಲ್ ಶೀಟು, ಒಂದು ಬಾರ್ ಚಾರ್ಟು. ತೊಂಬತ್ತು ಲೈನಿನ ಪೈಥಾನ್ ಸ್ಕ್ರಿಪ್ಟು. ಒಂದು ಫೋಲ್ಡರಲ್ಲಿ ಸಪೋರ್ಟ್ ಸೆಂಟರಿಗೊಂದರಂತೆ ಸಿಎಸ್‌ವಿ ಫೈಲುಗಳು (ಕಾಲಂಗಳ ಮಧ್ಯೆ ಕಾಮಾ ಹಾಕಿದ ಸಾದಾ ಟೆಕ್ಸ್ಟ್ ಫೈಲು), ಅವನ್ನೆಲ್ಲ ಓದಿ ಒಂದಕ್ಕೊಂದು ಜೋಡ್ಸಿ, ತಾರೀಖಿನ ಕಾಲಂ ನೋಡಿ ತಿಂಗಳ ಪ್ರಕಾರ ಎಣಿಸೋದು. ಇದ್ರಲ್ಲಿ ತಪ್ಪಾಗೋಕೆ ಏನಿದೆ ಅಂತ ಯಾರಿಗಾದ್ರೂ ಅನ್ಸುತ್ತೆ, ನಮಗೂ ಹಾಗೇ ಅನ್ಸಿತ್ತು. ಈಗ ಹೊಸ ವರ್ಷದ ಡೇಟಾ ಜೊತೆ ಹೋಲ್ಸಿ ನೋಡೋಣ, ಹಳೇದನ್ನ ಇನ್ನೊಂದ್ ಸಲ ರನ್ ಮಾಡಿ ಅಂತ ಮ್ಯಾನೇಜರ್ ಕೇಳಿದ್ರು.

ಸ್ಕ್ರಿಪ್ಟ್ ಬರೆದವನ ಹಳೇ ಲ್ಯಾಪ್‌ಟಾಪಲ್ಲಿ ರಿಪೋರ್ಟಲ್ಲಿದ್ದ ನಂಬರೇ ಬಂತು, ಮಾರ್ಚ್ ತಿಂಗಳಿಗೆ 2,058. ಅವನ ಹೊಸ ಲ್ಯಾಪ್‌ಟಾಪಲ್ಲಿ, ಉಬುಂಟು 24.04 ಲಿನಕ್ಸು, ಅದೇ ಮಾರ್ಚಿಗೆ 2,391. ವಿಂಡೋಸ್ ಮಷೀನಲ್ಲಿ ಕೆಲ್ಸ ಮಾಡೋ ಇನ್ನೊಬ್ಬಳು ರನ್ ಮಾಡಿದ್ರೆ ತಿಂಗಳ ಲೆಕ್ಕ ಹಾಗಿರ್ಲಿ, ವರ್ಷದ ಒಟ್ಟು ಟಿಕೆಟ್ಟೇ 18 ಸಾವಿರ ಚಿಲ್ಲರೆಯಿಂದ 7 ಸಾವಿರ ಚಿಲ್ಲರೆಗೆ ಇಳಿದಿತ್ತು. ಯಾವ ಮಷೀನಲ್ಲೂ ಎರರ್ ಇಲ್ಲ. ಎರರ್ ಬಂದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಅನ್ನಿ.

"ಹಳೇ ಮಷೀನಲ್ಲಿ ಸರಿಯಾಗೇ ಬರ್ತಿದೆಯಲ್ಲ ಗುರು, ಹೊಸದ್ರಲ್ಲಿ ಏನೋ ಎಡವಟ್ಟಾಗಿದೆ, ಹಳೇ ವರ್ಷನ್ನುಗಳನ್ನೇ ಹಾಕ್ಬಿಟ್ರೆ ಮುಗೀತು" ಅಂತ ಅವನು. ಎಲ್ರೂ ತಲೆ ಅಲ್ಲಾಡ್ಸಿದ್ವಿ. ನನಗೆ ಕೊಟ್ಟ ಕೆಲ್ಸ ಅಂದ್ರೆ ಹಳೇ ಲ್ಯಾಪ್‌ಟಾಪಿನ ಎನ್ವಿರಾನ್‌ಮೆಂಟನ್ನ, ಅಂದ್ರೆ ಅಲ್ಲಿರೋ ಪೈಥಾನು ಮತ್ತೆ ಅದರ ಪ್ಯಾಕೇಜುಗಳ (ಲೈಬ್ರರಿಗಳ) ಸೆಟ್ಟನ್ನ, ಬೇರೆ ಕಡೆ ಹಾಗೇ ಕಟ್ಟಿ ಕೊಡೋದು, ಅಷ್ಟೇ. ಆ ಲ್ಯಾಪ್‌ಟಾಪು ವಾಪಸ್ ಕೊಡ್ಬೇಕಿತ್ತು, ಟೈಮ್ ಒಂದು ವಾರ.

ಮೊದ್ಲು ಕೋಡು ಮತ್ತೆ ಡೇಟಾ ಮೇಲಿನ ಅನುಮಾನ ತೀರಿಸ್ಕೊಂಡೆ. ಮೂರೂ ಕಡೆ ಗಿಟ್ ಕಮಿಟ್, ಅಂದ್ರೆ ಕೋಡಿನ ಆವೃತ್ತಿ, ಒಂದೇ. ಪ್ರತಿ ಸಿಎಸ್‌ವಿ ಫೈಲಿನ ಶಾ-256 ಚೆಕ್‌ಸಮ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ತೆಗೆದು ಪಕ್ಕಪಕ್ಕ ಇಟ್ರೆ ಅದೂ ಒಂದೇ. ಇದನ್ನ ಮೊದ್ಲೇ ಮಾಡ್ಬೇಕು, ಯಾಕಂದ್ರೆ ಎಕ್ಸೆಲ್ಲಲ್ಲಿ ಸಿಎಸ್‌ವಿ ತೆಗೆದು ಸುಮ್ನೆ ಸೇವ್ ಒತ್ತಿದ್ರೂ ತಾರೀಖಿನ ರೂಪ ಬದಲಾಗಿ ಹೋಗುತ್ತೆ, ಆಮೇಲೆ ಮೂರು ದಿನ ಪೈಥಾನನ್ನ ಬೈಕೊಂಡು ಕೂತ್ಕೊಳ್ಳೋದಾಗುತ್ತೆ. ಕೋಡೂ ಅದೇ, ಡೇಟಾನೂ ಅದೇ. ಹಾಗಾದ್ರೆ ಉಳಿದಿದ್ದು ಅವೆರಡರ ಕೆಳಗಿರೋದು.

ಹಳೇ ಲ್ಯಾಪ್‌ಟಾಪ್ ತೆಗೆದು ನೋಡಿದ್ರೆ ಎಲ್ಲಾ ಪ್ರಾಜೆಕ್ಟೂ ಒಂದೇ ಅನಕೊಂಡದ (ಪೈಥಾನೂ ಪ್ಯಾಕೇಜುಗಳೂ ಒಟ್ಟಿಗೆ ಬರೋ ಕಟ್ಟು, ಅದರ ಪ್ಯಾಕೇಜ್ ಹಾಕೋ ಟೂಲೇ ಕಾಂಡಾ) ಬೇಸ್ ಎನ್ವಿರಾನ್‌ಮೆಂಟಲ್ಲಿ. ಮೂರು ವರ್ಷ ಬೇಕಾದ್ದು ಬೇಡದ್ದು ಎಲ್ಲ ತಂದು ಅದಕ್ಕೇ ಸುರಿದಿದ್ದ. ಪೈಥಾನಿಗೆ ಪ್ಯಾಕೇಜ್ ಹಾಕೋ ಮಾಮೂಲಿ ಟೂಲು ಪಿಪ್ಪು, ಅದಕ್ಕೆ ಇರೋದನ್ನ ಪಟ್ಟಿ ಮಾಡು ಅಂತ ಪಿಪ್ ಫ್ರೀಜ್ ಕೊಟ್ರೆ ಮುನ್ನೂರು ಚಿಲ್ಲರೆ ಲೈನು, ಅದರಲ್ಲಿ ಅರ್ಧಕ್ಕರ್ಧ ಪ್ಯಾಕೇಜುಗಳ ಮುಂದೆ ವರ್ಷನ್ ನಂಬರೇ ಇಲ್ಲ, ಅದ್ರ ಬದ್ಲು ಯಾವ್ದೋ ಬಿಲ್ಡ್ ಮಷೀನಿನ ಟೆಂಪ್ ಫೋಲ್ಡರಿನ ದಾರಿ. ಕಾಂಡಾದಿಂದ ಹಾಕಿದ ಪ್ಯಾಕೇಜುಗಳನ್ನ ಪಿಪ್ ಫ್ರೀಜ್ ಹೀಗೇ ತೋರ್ಸೋದು, ಆ ಲಿಸ್ಟನ್ನ ಬೇರೆ ಮಷೀನಿಗೆ ತಗೊಂಡ್ ಹೋದ್ರೆ ಆ ಫೋಲ್ಡರೇ ಅಲ್ಲಿ ಇರಲ್ಲ. ಪಿಪ್ ಲಿಸ್ಟಿಗೆ ಫ್ರೀಜ್ ಫಾರ್ಮ್ಯಾಟಲ್ಲಿ ಕೊಡು ಅಂದ್ರೆ ನಂಬರ್ ಬರುತ್ತೆ, ಹಾಗೆ ತೆಗೆದಿಟ್ಕೊಂಡೆ. ಕಾಂಡಾದ ಎನ್ವಿರಾನ್‌ಮೆಂಟ್ ಎಕ್ಸ್‌ಪೋರ್ಟನ್ನೂ ತೆಗೆದೆ, ಆದ್ರೆ ಅದ್ರಲ್ಲಿ ಪ್ರತಿ ಪ್ಯಾಕೇಜಿನ ಜೊತೆ ಬಿಲ್ಡ್ ಸ್ಟ್ರಿಂಗ್ ಇರುತ್ತೆ, ಅದು ಆ ಆಪರೇಟಿಂಗ್ ಸಿಸ್ಟಮ್ಮಿಗಷ್ಟೇ. ಲಿನಕ್ಸಲ್ಲಿ ತೆಗೆದಿದ್ದು ವಿಂಡೋಸಲ್ಲಿ ಕೂರಲ್ಲ.

ಮುನ್ನೂರನ್ನೂ ಮತ್ತೆ ಕಟ್ಟೋದು ನನಗೆ ಬೇಕಿರ್ಲಿಲ್ಲ. ಸ್ಕ್ರಿಪ್ಟಿನ ಮೇಲ್ಗಡೆ ಇಂಪೋರ್ಟ್ ಲೈನುಗಳನ್ನ ನೋಡಿದ್ರೆ ನಿಜಕ್ಕೂ ಬೇಕಾಗಿದ್ದು ನಾಲ್ಕು: ಟೇಬಲ್ ಡೇಟಾಗೆ ಪಾಂಡಾಸ್, ಅದರ ಕೆಳಗಿನ ಲೆಕ್ಕಕ್ಕೆ ನಂಪೈ, ಚಾರ್ಟಿಗೆ ಮ್ಯಾಟ್‌ಪ್ಲಾಟ್‌ಲಿಬ್, ಎಕ್ಸೆಲ್ ಬರೆಯೋಕೆ ಓಪನ್‌ಪೈಎಕ್ಸೆಲ್. ಪೈಥಾನ್ 3.8, ಪಾಂಡಾಸ್ 1.1.5, ನಂಪೈ 1.19. ಇಂಪೋರ್ಟುಗಳ ಕೆಳಗೇ ಎಲ್ಲಾ ವಾರ್ನಿಂಗುಗಳನ್ನೂ ಆಫ್ ಮಾಡೋ ಒಂದು ಲೈನು. ಅದನ್ನ ನೋಡ್ದೆ, ನೋಡಿ ಮುಂದೆ ಹೋದೆ. ಅಲ್ಲೇ ನಿಂತಿದ್ರೆ ಎರಡು ದಿನ ಉಳೀತಿತ್ತು.

ಇನ್ನು ಕಟ್ಟೋ ಕೆಲ್ಸ. ಹೊಸ ಉಬುಂಟುವಲ್ಲಿ ನೇರವಾಗಿ ಪಿಪ್ ಇನ್‌ಸ್ಟಾಲ್ ಕೊಟ್ರೆ ಈ ಎನ್ವಿರಾನ್‌ಮೆಂಟನ್ನ ಹೊರಗಿನವರು ನೋಡ್ಕೋತಿದಾರೆ, ಕೈ ಹಾಕ್ಬೇಡ ಅಂತ ನಿಲ್ಲಿಸುತ್ತೆ. ಪೆಪ್ 668 ಅಂತ ಒಂದು ನಿಯಮ, ಡೆಬಿಯನ್ 12ರಿಂದ ಆ ಕಡೆ ಇದೇ ಕಥೆ, ಒಳ್ಳೇದೇ. ಇದನ್ನ ದಾಟೋಕೆ ಇರೋ ಆಪ್ಷನ್ನಿನ ಹೆಸ್ರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್', ಅಷ್ಟು ಬಾಯಿಬಿಟ್ಟು ಹೇಳಿದ್ರೂ ಜನ ಕಾಪಿ ಪೇಸ್ಟ್ ಮಾಡಿ ಎಂಟರ್ ಒತ್ತಾರೆ. ನಮ್ಮವನೂ ಒತ್ತಿದ್ದ, ಹೊಸ ಲ್ಯಾಪ್‌ಟಾಪಲ್ಲಿ ಪಾಂಡಾಸ್ 2.2 ಬಂದು ಕೂತಿದ್ದು ಹಾಗೇ.

ನಾನು ವಿಎನ್ವ್ ಮಾಡ್ದೆ, ಒಂದು ಪ್ರಾಜೆಕ್ಟಿನ ಪ್ಯಾಕೇಜುಗಳನ್ನ ಬೇರೆಯಾಗಿ ಇಡೋ ಫೋಲ್ಡರು. ಪೈಥಾನ್ 3.3ರಿಂದ, ಅಂದ್ರೆ 2012ರಿಂದ, ಪೈಥಾನ್ ಜೊತೆಗೇ ಬರೋ ಸೌಕರ್ಯ ಇದು. ಆಕ್ಟಿವೇಟ್ ಮಾಡಿ ಪಾಂಡಾಸ್ 1.1.5 ಕೇಳಿದ್ರೆ ಪಿಪ್ಪು ಸೋರ್ಸ್ ಇಳಿಸ್ಕೊಂಡು ಕಂಪೈಲ್ ಮಾಡೋಕೆ ಶುರು ಮಾಡ್ತು, ಸ್ವಲ್ಪ ಹೊತ್ತಾದ್ಮೇಲೆ ಪೇಜುಗಟ್ಲೆ ಕೆಂಪು ಅಕ್ಷರ ಕಕ್ಕಿ ಬಿತ್ತು. ಯಾಕೆ ಅಂದ್ರೆ ಉಬುಂಟು 24.04ರಲ್ಲಿರೋ ಪೈಥಾನ್ 3.12. ಪಾಂಡಾಸ್ 1.1.5 ಬಂದಿದ್ದು 2020ರ ಡಿಸೆಂಬರಲ್ಲಿ, 3.12 ಬಂದಿದ್ದು 2023ರ ಅಕ್ಟೋಬರಲ್ಲಿ, ಹುಟ್ಟೇ ಇರದ ಪೈಥಾನಿಗೆ ರೆಡಿಮೇಡ್ ವೀಲ್ (ಮೊದ್ಲೇ ಕಂಪೈಲ್ ಮಾಡಿದ ಪ್ಯಾಕೇಜು) ಯಾರು ಮಾಡಿಡ್ತಾರೆ. ಸೋರ್ಸಿಂದ ಕಟ್ಟೋಣ ಅಂದ್ರೆ ಆ ಕಾಲದ ಬಿಲ್ಡ್ ಸಾಮಾನುಗಳೆಲ್ಲ ನಂಬ್ಕೊಂಡಿದ್ದ ಡಿಸ್ಟ್‌ಯುಟಿಲ್ಸ್ ಅನ್ನೋ ಮಾಡ್ಯೂಲನ್ನೇ 3.12ರಲ್ಲಿ ಕಿತ್ತುಹಾಕಿದಾರೆ.

ಇಲ್ಲಿ ತುಂಬಾ ಜನ ಎಡವ್ತಾರೆ, ಅದಕ್ಕೇ ಒಂದ್ನಿಮಿಷ ನಿಂತು ಹೇಳ್ತೀನಿ. ವಿಎನ್ವ್ ಅನ್ನೋದು ಪೈಥಾನನ್ನ ತಂದ್ಕೊಡಲ್ಲ. ಆ ಫೋಲ್ಡರ್ ಒಳಗೆ ಪೈವಿಎನ್ವ್ ಡಾಟ್ ಸಿಎಫ್‌ಜಿ ಅಂತ ಒಂದು ಸಣ್ಣ ಫೈಲ್ ಇರುತ್ತೆ, ತೆಗೆದು ನೋಡಿ, 'ಹೋಮ್' ಅನ್ನೋ ಲೈನಲ್ಲಿ ನಿಮ್ಮ ಸಿಸ್ಟಮ್ಮಿನ ಪೈಥಾನ್ ಎಲ್ಲಿದೆ ಅನ್ನೋ ದಾರಿ ಬರೆದಿರುತ್ತೆ, ಅಷ್ಟೇ. ಪ್ಯಾಕೇಜ್ ಇಡೋ ಕಪಾಟು ಮಾತ್ರ ಬೇರೆ, ಇಂಟರ್‌ಪ್ರಿಟರ್ ಅದೇ ಹಳೇದು. ಆಕ್ಟಿವೇಟ್ ಮಾಡೋದು ಅಂದ್ರೂ ಮುಖ್ಯವಾಗಿ ಪಾತ್ ವೇರಿಯಬಲ್ಲಿನ ಮುಂದ್ಗಡೆ ಈ ಫೋಲ್ಡರನ್ನ ಸೇರಿಸೋದು, ಮಂತ್ರ ಗಿಂತ್ರ ಏನಿಲ್ಲ. ಇದು ಗೊತ್ತಿಲ್ದೆ ಅವನು ಮಧ್ಯದಲ್ಲಿ ಇನ್ನೊಂದು ಕೆಲ್ಸ ಮಾಡಿದ್ದ, ತನ್ನ ವಿಎನ್ವ್ ಫೋಲ್ಡರನ್ನೇ ಜಿಪ್ ಮಾಡಿ ವಿಂಡೋಸಲ್ಲಿರೋ ಅವಳಿಗೆ ಕಳ್ಸಿದ್ದ. ಅದರೊಳಗಿನ ಸ್ಕ್ರಿಪ್ಟುಗಳ ಮೊದಲ ಲೈನಲ್ಲಿ ಅವನ ಹೋಮ್ ಫೋಲ್ಡರಿನ ಪೂರ್ತಿ ದಾರಿ ಇರುತ್ತೆ, ಅವನ ಮಷೀನಲ್ಲೇ ಪಕ್ಕದ ಫೋಲ್ಡರಿಗೆ ಸರಿಸಿದ್ರೂ ಮುರಿದು ಬೀಳುತ್ತೆ, ಇನ್ನು ವಿಂಡೋಸಿಗೆ ಹೋಗಿ ಏನ್ ಮಾಡುತ್ತೆ.

ಹಾಗಾಗಿ ಪೈಥಾನ್ ಸಮೇತ ಬೇಕು. ಕಾಂಡಾದಲ್ಲಿ ಮಾಡ್ಬಹುದಿತ್ತು, ಅದು ಪೈಥಾನನ್ನೂ ಒಂದು ಪ್ಯಾಕೇಜ್ ಥರಾನೇ ನೋಡುತ್ತೆ. ನಾನು ಯೂವಿ ಅನ್ನೋ ಟೂಲ್ ತಗೊಂಡೆ. 2024ರಲ್ಲಿ ಬಂದಿದ್ದು, 3.8 ಬೇಕು ಅಂದ್ರೆ ಆ ಪೈಥಾನನ್ನೇ ಇಳಿಸಿ ಎನ್ವಿರಾನ್‌ಮೆಂಟ್ ಮಾಡ್ಕೊಡುತ್ತೆ, ಸಿಸ್ಟಮ್ಮಿನದನ್ನ ಮುಟ್ಟಲ್ಲ. ಆಯ್ತು, ಪಾಂಡಾಸ್ 1.1.5 ಕೂತ್ಕೊಳ್ತು. ಆದ್ರೆ ಜೊತೆಗೆ ಬಂದಿದ್ದು ನಂಪೈ 1.24! ಪಾಂಡಾಸ್ 1.1.5 ಕೇಳೋದು ನಂಪೈ 1.15.4 ಅಥವಾ ಅದಕ್ಕಿಂತ ಹೊಸದು ಅಂತ ಮಾತ್ರ, ಇಷ್ಟಕ್ಕಿಂತ ಹೊಸದು ಬೇಡ ಅಂತ ಎಲ್ಲೂ ಹೇಳಿಲ್ಲ, ಹೇಳೋಕೆ 2020ರಲ್ಲಿ ಅವ್ರಿಗೇನು ಭವಿಷ್ಯ ಗೊತ್ತಿತ್ತಾ. 1.24ರಲ್ಲಿ ಎಷ್ಟೋ ಹಳೇ ಹೆಸರುಗಳನ್ನ ತೆಗೆದುಹಾಕಿದಾರೆ, ಆ ಕಾಲದ ಕೋಡಿಗೂ ಇದಕ್ಕೂ ಆಗಿಬರಲ್ಲ. ನಂಪೈಗೆ ನಾನೇ ನಂಬರ್ ಕೊಡ್ಬಹುದಿತ್ತು, ಆದ್ರೆ ಇದೇ ಕಥೆ ಡೇಟ್‌ಯುಟಿಲ್‌ಗೂ, ಪೈಟಿಜೆಡ್‌ಗೂ, ಕೆಳಗಡೆ ಇರೋ ಎಲ್ಲದಕ್ಕೂ.

ಇಲ್ಲಿ ಯೂವಿಯ ಒಂದು ಆಪ್ಷನ್ ನಿಜವಾಗ್ಲೂ ಕೈ ಹಿಡೀತು. 'ಎಕ್ಸ್‌ಕ್ಲೂಡ್ ನ್ಯೂವರ್' ಅಂತ ಒಂದು ತಾರೀಖು ಕೊಟ್ರೆ ಆ ದಿನದ ನಂತರ ಪೈಪಿಐಗೆ (ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಉಗ್ರಾಣ) ಅಪ್‌ಲೋಡ್ ಆಗಿದ್ದು ಯಾವುದನ್ನೂ ಅದು ಕಣ್ಣೆತ್ತಿ ನೋಡಲ್ಲ. 2021ರ ಜನವರಿ 15 ಅಂತ ಕೊಟ್ಟೆ. ನಂಪೈ 1.19.5 ಬಂತು, ಉಳಿದವೂ ಆ ಕಾಲದ್ದೇ. ಹಳೇ ಲ್ಯಾಪ್‌ಟಾಪಿನ ಲಿಸ್ಟ್ ಪಕ್ಕಕ್ಕಿಟ್ಟು ತಾಳೆ ನೋಡ್ದೆ, ಒಂದೆರಡು ಸಣ್ಣಪುಟ್ಟ ವ್ಯತ್ಯಾಸ ಕೈಯಲ್ಲೇ ಸರಿ ಮಾಡ್ದೆ.

ರನ್ ಮಾಡಿದ್ರೆ ಮತ್ತೆ 2,391. ಹೊಸ ಲ್ಯಾಪ್‌ಟಾಪಿನ ನಂಬರೇ!

ಅವತ್ತು ರಾತ್ರಿ ಹನ್ನೊಂದರವರೆಗೂ ಕೂತಿದ್ದೆ. ವರ್ಷನ್ನಿಂದಲ್ಲ ಹಾಗಾದ್ರೆ, ಪ್ರೊಸೆಸರ್ರಾ, ಲೈಬ್ರರಿ ಕೆಳಗಿನ ಸಿ ಕೋಡಾ ಅಂತ ಏನೇನೋ ತಲೆಗೆ ಬಂತು. ಬೆಳಗ್ಗೆ ಬಂದು ಮಾಡಿದ ಮೊದಲ ಕೆಲ್ಸ ಅಂದ್ರೆ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿದ್ದು, ಅಂದ್ರೆ ಈಗ ಓಡ್ತಿರೋ ಪೈಥಾನ್ ಎಲ್ಲಿಯದು ಅಂತ ಕೇಳಿದ್ದು. ಬಂದ ಉತ್ತರ ನನ್ನ ಹೊಸ ಎನ್ವಿರಾನ್‌ಮೆಂಟಿನ ದಾರಿ ಅಲ್ಲ, ಸಿಸ್ಟಮ್ ಪೈಥಾನು. ನಾನು ಸ್ಕ್ರಿಪ್ಟನ್ನ ಸೆಲ್ ಸೆಲ್ಲಾಗಿ ಒಡೆದು ಜುಪಿಟರ್ ನೋಟ್‌ಬುಕ್ಕಲ್ಲಿ ಓಡಿಸ್ತಿದ್ದೆ. ಟರ್ಮಿನಲ್ಲಲ್ಲಿ ಎನ್ವಿರಾನ್‌ಮೆಂಟ್ ಆಕ್ಟಿವೇಟ್ ಆಗಿತ್ತು, ಪ್ರಾಂಪ್ಟಿನ ಮುಂದೆ ಹೆಸ್ರೂ ಬರ್ತಿತ್ತು, ಆದ್ರೆ ಜುಪಿಟರ್ರಿಗೆ ಅದು ಲೆಕ್ಕಕ್ಕಿಲ್ಲ. ಕರ್ನಲ್ ಅನ್ನೋದು ಒಂದು ಜೇಸನ್ ಫೈಲಲ್ಲಿ ಬರೆದಿಟ್ಟ ಪೈಥಾನಿನ ದಾರಿ, ಅಲ್ಲಿ ಏನಿದೆಯೋ ಅದೇ ಓಡೋದು. ನಾಚಿಕೆಯಾಯ್ತು, ಆದ್ರೆ ನಾನೊಬ್ನೇ ಅಲ್ಲ ಬಿಡಿ. 2019ರಲ್ಲಿ ಗಿಟ್‌ಹಬ್ಬಿನ ಸುಮಾರು 14 ಲಕ್ಷ ನೋಟ್‌ಬುಕ್ಕುಗಳನ್ನ ತಗೊಂಡು ಒಂದು ಸ್ಟಡಿ ಮಾಡಿದ್ರು, ಓಡಿಸಿ ನೋಡೋಕಾದವುಗಳಲ್ಲಿ ಎರರ್ ಇಲ್ದೆ ಕೊನೆ ಮುಟ್ಟಿದ್ದು ಶೇಕಡಾ 24ರಷ್ಟು, ಮೊದಲಿನ ಉತ್ತರವೇ ಬಂದಿದ್ದು ಶೇಕಡಾ 4ರಷ್ಟು.

ನೋಟ್‌ಬುಕ್ ಮುಚ್ಚಿಟ್ಟು ಟರ್ಮಿನಲ್ಲಿಂದ ಯೂವಿ ರನ್ ಅಂತ ಕೊಟ್ಟೆ. 2,058. ಹನ್ನೆರಡು ತಿಂಗಳೂ ಹಳೇ ರಿಪೋರ್ಟಿನ ಜೊತೆ ಅಂಕಿಗೆ ಅಂಕಿ ಸೇರ್ತು. ಕೇಳಿದ್ದ ಕೆಲ್ಸ ಮುಗೀತು, ಗ್ರೂಪಲ್ಲಿ ಹಾಕ್ದೆ, ನಾಲ್ಕು ಚಪ್ಪಾಳೆ ಬಂತು.

ಆದ್ರೆ ಒಂದು ಮಾತು ಕೊರೀತಿತ್ತು. ವರ್ಷನ್ ಬದಲಾದ್ರೆ ಎಣಿಕೆ ಯಾಕೆ ಬದಲಾಗ್ಬೇಕು? ಮಷೀನ್ ಲರ್ನಿಂಗ್ ಮಾಡೆಲ್ ಆಗಿದ್ರೆ ಒಪ್ಕೋತಿದ್ದೆ, ಸೈಕಿಟ್-ಲರ್ನ್ ಅನ್ನೋ ಲೈಬ್ರರಿಯ 0.22ರಲ್ಲಿ ರ್ಯಾಂಡಮ್ ಫಾರೆಸ್ಟ್ ಮಾಡೆಲ್ಲಿನ ಡೀಫಾಲ್ಟ್ ಮರಗಳ ಸಂಖ್ಯೆನೇ 10ರಿಂದ 100ಕ್ಕೆ ಹೋಯ್ತು, ಅಲ್ಲಿ ಉತ್ತರ ಬದಲಾಗೋದು ಸಹಜ. ಇದು ಬರೀ ಎಣಿಸೋದು. ಎಣಿಸಿದ್ದು ಎರಡು ಥರ ಬಂದ್ರೆ ಎರಡರಲ್ಲಿ ಒಂದಾದ್ರೂ ತಪ್ಪೇ ಇರ್ಬೇಕು.

ಎನ್ವಿರಾನ್‌ಮೆಂಟ್ ಬೇರೆ ಬೇರೆ ಇಡೋದ್ರ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಇಲ್ಲೇ. ಅಲ್ಲೀವರೆಗೆ ಮಷೀನು ಮಷೀನಿಗೂ ಹೋಲಿಸ್ತಿದ್ವಿ, ಒಂದೇ ಸಲಕ್ಕೆ ಪೈಥಾನ್, ಪಾಂಡಾಸ್, ಆಪರೇಟಿಂಗ್ ಸಿಸ್ಟಮ್, ಎಲ್ಲ ಬೇರೆ. ಈಗ ಒಂದೇ ಲ್ಯಾಪ್‌ಟಾಪಲ್ಲಿ, ಅದೇ ಪೈಥಾನ್ 3.8 ಮೇಲೆ ಪಾಂಡಾಸ್ 1.1.5ಕ್ಕೆ ಒಂದು, 1.5.3ಕ್ಕೆ ಒಂದು, 2.0.3ಕ್ಕೆ ಒಂದು ಮನೆ ಕಟ್ದೆ. 3.8ಕ್ಕೆ ಸಿಗೋ ಕೊನೇ ಪಾಂಡಾಸೇ 2.0.3, ಹಾಗಾಗಿ ಅಲ್ಲೀವರೆಗೆ ಪೈಥಾನ್ ಬದಲಾಯಿಸದೆ ಹೋಗ್ಬಹುದು. ಒಂದ್ಸಲ ಇಳಿಸಿದ್ದನ್ನ ಯೂವಿ ಕ್ಯಾಶಿಂದಾನೇ ಕೊಡುತ್ತೆ, ಹೊಸದೊಂದು ಕಟ್ಟೋಕೆ ಕೆಲವೇ ಸೆಕೆಂಡು. 1.1.5: 2,058. 1.5.3: 2,058. 2.0.3: 2,391. ಬೇರೆ ಏನೂ ಬದಲಾಗಿಲ್ಲ, ಅಂದ್ಮೇಲೆ ವ್ಯತ್ಯಾಸ ಹುಟ್ಟಿದ್ದು ಪಾಂಡಾಸ್ 2.0ರಲ್ಲೇ. 2023ರ ಏಪ್ರಿಲ್ ರಿಲೀಸು. ಅದ್ರ ರಿಲೀಸ್ ನೋಟ್ಸಲ್ಲಿ ಹುಡುಕಬೇಕಾಗಿದ್ದು ತಾರೀಖು ಅನ್ನೋ ಒಂದೇ ವಿಷಯ.

ಸಿಕ್ತು. ನಮ್ಮ ಫೈಲುಗಳಲ್ಲಿ ತಾರೀಖು ಇರೋದು 05-01-2021 ಅಂತ, ಜನವರಿ ಐದು. ದಿನ ಮೊದ್ಲು, ತಿಂಗಳು ಆಮೇಲೆ. ಸ್ಕ್ರಿಪ್ಟಲ್ಲಿ ಪಾಂಡಾಸಿನ ಟು-ಡೇಟ್‌ಟೈಮಿಗೆ ಫಾರ್ಮ್ಯಾಟ್ ಏನಂತ ಹೇಳಿರ್ಲಿಲ್ಲ, ನೀನೇ ನೋಡ್ಕೋ ಅಂತ ಬಿಟ್ಟಿತ್ತು. 2.0ಕ್ಕಿಂತ ಮುಂಚೆ ಪಾಂಡಾಸ್ ಒಂದೊಂದು ಸಾಲನ್ನೂ ಬೇರೆ ಬೇರೆ ಊಹೆ ಮಾಡ್ತಿತ್ತು, ಊಹೆಯಲ್ಲಿ ತಿಂಗಳೇ ಮೊದ್ಲು. 05-01 ನೋಡಿದ್ರೆ ಮೇ ತಿಂಗಳ ಒಂದು. 13-01 ನೋಡಿದ್ರೆ ಹದಿಮೂರನೇ ತಿಂಗಳು ಇಲ್ವಲ್ಲ, ಸರಿ ಹಾಗಾದ್ರೆ ಜನವರಿ ಹದಿಮೂರು. ಒಂದೇ ಕಾಲಂ ಒಳಗೆ ಒಂದು ಸಾಲು ಒಂದು ಥರ, ಇನ್ನೊಂದು ಸಾಲು ಇನ್ನೊಂದು ಥರ. ಅಂದ್ರೆ ಸರಿಯಾಗೇ ಬರ್ತಿದೆಯಲ್ಲ ಗುರು ಅಂತ ಎಲ್ರೂ ನಂಬಿದ್ದ ಆ ಹಳೇ ಲ್ಯಾಪ್‌ಟಾಪು ಮೊದಲ ದಿನದಿಂದಲೂ ತಪ್ಪು ಲೆಕ್ಕ ಕೊಡ್ತಿತ್ತು.

ಹಾಗಿದ್ರೆ ಹೆಚ್ಚುಕಮ್ಮಿ ಮೂರು ವರ್ಷ ಯಾರಿಗೂ ಯಾಕೆ ಗೊತ್ತಾಗ್ಲಿಲ್ಲ? ಇದು ನನಗೆ ಈ ಕೇಸಲ್ಲೇ ತುಂಬಾ ಹಿಡಿಸಿದ ಭಾಗ, ಪೇಪರ್ ಪೆನ್ನು ತಗೊಂಡು ಕೂತೆ. ಜನವರಿ ಅಂತ ಹಳೇ ಪಾಂಡಾಸ್ ಎಣಿಸ್ತಿದ್ದಿದ್ದು ಯಾವ ದಿನಗಳನ್ನ? ಜನವರಿ 13ರಿಂದ 31, ಅದು ಸರಿಯಾಗೇ ಬರುತ್ತೆ, 19 ದಿನ. ಅದ್ರ ಜೊತೆ 01-01, 01-02, 01-03 ಹೀಗೆ ಪ್ರತಿ ತಿಂಗಳ ಒಂದನೇ ತಾರೀಖೂ ತಿರುಗಿ ಜನವರಿಗೆ ಬಂದು ಬೀಳುತ್ತೆ, ಅದು 12 ದಿನ. ಕೂಡಿ ನೋಡಿ, 31. ಫೆಬ್ರವರಿಗೆ 13ರಿಂದ 28, 16 ದಿನ, ಎಲ್ಲಾ ತಿಂಗಳ ಎರಡನೇ ತಾರೀಖು 12, ಒಟ್ಟು 28. ಪ್ರತಿ ತಿಂಗಳಿಗೂ ಎಷ್ಟು ದಿನ ಇರ್ಬೇಕೋ ಅಷ್ಟೇ ದಿನ ಸಿಗುತ್ತೆ, ಆದ್ರೆ ಬೇರೆಯವ್ರ ದಿನ. ವರ್ಷದ ಒಟ್ಟು ಒಂದೂ ಆಚೀಚೆ ಆಗಲ್ಲ. ಖಾಲಿ ಇಲ್ಲ, ಎರರ್ ಇಲ್ಲ, ಚಾರ್ಟು ನೋಡೋಕೆ ಚೆಂದ.

ಆಗೋದೇನಂದ್ರೆ ಏರು ಇರೋ ಕಡೆ ತಗ್ಗುತ್ತೆ. ದಿನಕ್ಕೆ 10 ಟಿಕೆಟ್ ಬರುತ್ತೆ, ಮಾರ್ಚಲ್ಲಿ ಮಾತ್ರ ದಿನಕ್ಕೆ 20 ಅಂತಿಟ್ಕೊಳ್ಳಿ. ನಿಜವಾದ ಮಾರ್ಚ್ 620. ಹಳೇ ಲೆಕ್ಕದಲ್ಲಿ 13ರಿಂದ 31ಕ್ಕೆ 380, ಮಾರ್ಚ್ 3ಕ್ಕೆ 20, ಉಳಿದ 11 ತಿಂಗಳ ಮೂರನೇ ತಾರೀಖಿಗೆ 110, ಒಟ್ಟು 510. ಕಳೆದುಹೋದ 110 ಉಳಿದ ಹನ್ನೊಂದು ತಿಂಗಳಿಗೆ ಹತ್ತತ್ತು ಹಂಚಿ ಹೋಗಿರುತ್ತೆ. ನಮ್ಮ ನಿಜವಾದ ಮಾರ್ಚಲ್ಲಿ ಆಗಿದ್ದೂ ಇದೇ. ಆ ತಿಂಗಳು ಸಪೋರ್ಟಿನವರು ಹೊರೆ ಜಾಸ್ತಿ, ಜನ ಸಾಲ್ತಿಲ್ಲ ಅಂತ ಕೂಗಾಡಿದ್ರಂತೆ, ಆಮೇಲೆ ರಿಪೋರ್ಟ್ ಬಂದಾಗ ಅದನ್ನ ತೋರ್ಸಿ ಅಷ್ಟೇನೂ ಇಲ್ವಲ್ಲ ಅಂದಿದ್ರಂತೆ.

ಸರಿ, ಹೊಸ ಪಾಂಡಾಸ್ ಏನ್ ಮಾಡುತ್ತೆ? ಕಾಲಮ್ಮಿನ ಮೊದಲ ಬೆಲೆ ನೋಡಿ ಒಂದು ಫಾರ್ಮ್ಯಾಟ್ ಊಹೆ ಮಾಡಿ ಅದನ್ನೇ ಎಲ್ಲಾ ಸಾಲಿಗೂ ಹಾಕುತ್ತೆ. ಹೊಂದದೇ ಇದ್ರೆ ಎರರ್. ಇದು ಸರಿಯಾದ ನಡೆ. ಆದ್ರೆ ನಮ್ಮ ಸ್ಕ್ರಿಪ್ಟಲ್ಲಿ ಎರರ್ಸ್ ಅನ್ನೋ ಆಪ್ಷನ್ನಿಗೆ 'ಕೋಅರ್ಸ್' ಅಂತ ಕೊಟ್ಟಿತ್ತು, ಅಂದ್ರೆ ಅರ್ಥ ಆಗದ್ದನ್ನ ಸದ್ದಿಲ್ದೆ ಖಾಲಿ ಮಾಡು ಅಂತ. ಯಾಕೆ ಹಾಕಿದ್ದೆ ಅಂತ ಸ್ಕ್ರಿಪ್ಟ್ ಬರೆದವನನ್ನ ಕೇಳಿದ್ರೆ, ಒಂದು ಹನ್ನೊಂದು ಸಾಲಲ್ಲಿ ತಾರೀಖಿನ ಜಾಗದಲ್ಲಿ ಬರೀ ಡ್ಯಾಶ್ ಇತ್ತಂತೆ, ಅದಕ್ಕೆ. ವಿಂಡೋಸ್ ಮಷೀನಲ್ಲಿ ಮೊದಲ ಸಾಲು 02-01-2021. ತಿಂಗಳು ಮೊದ್ಲು ಅಂತ ಊಹೆ ಮಾಡ್ತು, 13ರಿಂದ ಮೇಲಿನ ದಿನ ಇರೋ ಪ್ರತಿ ಸಾಲೂ ಖಾಲಿಯಾಯ್ತು. ಉಳಿಯೋದು ತಿಂಗಳಿಗೆ 12 ದಿನ, ವರ್ಷಕ್ಕೆ 144. 365ರಲ್ಲಿ 144 ಅಂದ್ರೆ ಶೇಕಡಾ 39, ಹದಿನೆಂಟು ಸಾವಿರದಲ್ಲಿ ಏಳು ಸಾವಿರ. ಲೆಕ್ಕ ಪಕ್ಕಾ.

ಹೊಸ ಉಬುಂಟುವಲ್ಲೂ ಅದೇ ಪಾಂಡಾಸ್ 2.2 ಇತ್ತು, ಅಲ್ಲಿ ಯಾಕೆ ಹೀಗಾಗ್ಲಿಲ್ಲ ಅನ್ನೋದು ಕೊನೇ ಗಂಟು. ಇಬ್ಬರಿಗೂ ಒಂದೇ ಲಾಕ್ ಫೈಲಿಂದ (ಪ್ರತಿ ಪ್ಯಾಕೇಜಿನ ವರ್ಷನ್ ನಂಬರ್ ಬರೆದಿಟ್ಟ ಪಟ್ಟಿ) ಎನ್ವಿರಾನ್‌ಮೆಂಟ್ ಕಟ್ಟಿಕೊಟ್ಟೆ, ಪ್ರತಿ ಪ್ಯಾಕೇಜೂ ಒಂದೇ ನಂಬರು, ಆದ್ರೂ ಉತ್ತರ ಎರಡು. ಅಂದ್ರೆ ಕಾರಣ ಪ್ಯಾಕೇಜುಗಳ ಆಚೆ ಇದೆ, ಅಷ್ಟಾದ್ರೂ ಖಾತ್ರಿ ಆಯ್ತು. ಸ್ಕ್ರಿಪ್ಟು ಸಿಎಸ್‌ವಿ ಫೈಲುಗಳನ್ನ ಪೈಥಾನಿನ ಗ್ಲಾಬ್ ಅನ್ನೋ ಫಂಕ್ಷನ್ನಿಂದ ಹುಡುಕ್ತಿತ್ತು. ಗ್ಲಾಬ್ ಯಾವ ಕ್ರಮದಲ್ಲಿ ಕೊಡುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ, ಫೈಲ್ ಸಿಸ್ಟಮ್ ಹೇಗೆ ಕೊಟ್ರೆ ಹಾಗೆ. ವಿಂಡೋಸಿನ ಎನ್‌ಟಿಎಫ್‌ಎಸ್ ಹೆಸರಿನ ಅಕ್ಷರಕ್ರಮದಲ್ಲಿ ಕೊಡುತ್ತೆ, ಲಿನಕ್ಸಿನ ಇಎಕ್ಸ್‌ಟಿ4 ಹ್ಯಾಶ್ (ಹೆಸರನ್ನ ಕಲಸಿ ಮಾಡಿದ ಒಂದು ನಂಬರು) ಪ್ರಕಾರ ಕೊಡುತ್ತೆ, ಅಂದ್ರೆ ನಮ್ಮ ಕಣ್ಣಿಗೆ ಯಾವ ಕ್ರಮವೂ ಇಲ್ಲ. ಉಬುಂಟುವಲ್ಲಿ ಮೊದ್ಲು ಬಂದಿದ್ದು ಫೆಬ್ರವರಿಯಲ್ಲಿ ಶುರುವಾದ ಒಂದು ಸೆಂಟರಿನ ಫೈಲು, ಅದ್ರ ಮೊದಲ ಸಾಲು 18-02-2021. ಹದಿನೆಂಟು ತಿಂಗಳಾಗೋಕೆ ಸಾಧ್ಯ ಇಲ್ಲ, ಹಾಗಾಗಿ ದಿನ ಮೊದ್ಲು ಅಂತ ಊಹೆ ಸರಿಯಾಯ್ತು, ಎಲ್ಲ ಸಾಲೂ ಸರಿಯಾಯ್ತು. ಇಲ್ಲಿ ಪಾಂಡಾಸ್ ಒಂದು ವಾರ್ನಿಂಗ್ ಬೇರೆ ಕೊಡುತ್ತೆ, ನೀನು ದಿನ ಮೊದ್ಲು ಅಂತ ಹೇಳಿಲ್ಲ, ಆದ್ರೆ ನಾನು ಹಾಗೆ ಓದ್ತಿದೀನಿ, ಫಾರ್ಮ್ಯಾಟ್ ಹೇಳಪ್ಪಾ ಅಂತ. ಆ ವಾರ್ನಿಂಗನ್ನ ನುಂಗಿದ್ದು ಯಾವ ಲೈನು ಅಂತ ಮೇಲೇ ಹೇಳಿದೀನಿ.

ಮೂರರಲ್ಲಿ ಸರಿ ಉತ್ತರ ಕೊಟ್ಟಿದ್ದು ನಾವೆಲ್ಲ ಅನುಮಾನಪಟ್ಟ ಮಷೀನು, ಅದೂ ಅದೃಷ್ಟದಿಂದ! ಫೋಲ್ಡರನ್ನ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದ್ರೆ ಅಲ್ಲೂ ಉತ್ತರ ಬದಲಾಗ್ಬಹುದಿತ್ತು, ಇಎಕ್ಸ್‌ಟಿ4ರಲ್ಲಿ ಆ ಹ್ಯಾಶಿನ ಸೀಡ್ ಒಂದೊಂದು ಫೈಲ್ ಸಿಸ್ಟಮ್ಮಿಗೂ ಬೇರೆ. ಫೈಲ್ ಕ್ರಮದ ಈ ಪೆಟ್ಟು ತಿಂದವರು ನಾವೇ ಮೊದಲೇನಲ್ಲ. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದವರು ಇದನ್ನೇ ಹಿಡಿದಿದ್ರು, ಬೇರೆಯವರು ಎಷ್ಟೋ ವರ್ಷದಿಂದ ಬಳಸ್ತಿದ್ದ ಪೈಥಾನ್ ಸ್ಕ್ರಿಪ್ಟುಗಳು ಆಪರೇಟಿಂಗ್ ಸಿಸ್ಟಮ್ ಬದಲಾದ್ರೆ ಬೇರೆ ಬೆಲೆ ಕೊಡ್ತಿದ್ವು, ಅಲ್ಲೂ ಗ್ಲಾಬಿನ ಕ್ರಮವೇ ಕಾರಣ.

ಸಿಸ್ಟಮ್ ಲೈಬ್ರರಿಗಳ ಸಮೇತ ಎಲ್ಲವನ್ನೂ ಒಂದು ಇಮೇಜಲ್ಲಿ ಕಟ್ಟಿಡೋ ಡಾಕರ್ ಹಾಕಿದ್ರೆ ಇದೆಲ್ಲ ಬರ್ತಾನೇ ಇರ್ಲಿಲ್ಲ ಅಂತ ಒಬ್ರು ಮೀಟಿಂಗಲ್ಲಿ ಹೇಳಿದ್ರು. ನನಗೆ ಒಪ್ಪಿಗೆ ಇಲ್ಲ. 2022ರಲ್ಲಿ ಡಾಕರ್ ಇಮೇಜ್ ಮಾಡಿ ಇಟ್ಟಿದ್ರೆ ಇವತ್ತಿಗೂ ಮೂರೂ ಮಷೀನಲ್ಲಿ 2,058 ಬರ್ತಿತ್ತು, ಎಲ್ರೂ ಖುಷಿಯಾಗಿ ತಪ್ಪು ನಂಬರ್ ಇಟ್ಕೊಂಡು ಕೂತಿರ್ತಿದ್ವಿ. ಮಷೀನುಗಳು ಜಗಳ ಆಡಿದ್ದಕ್ಕೇ ತಪ್ಪು ಹೊರಗೆ ಬಂದಿದ್ದು. ಡಾಕರ್ ಬೇಡ ಅಂತಲ್ಲ, ಪೈಥಾನ್ ಆಚೆಯ ಸಿಸ್ಟಮ್ ಲೈಬ್ರರಿಗಳು ಬೇಕಿದ್ರೆ ಅದೋ ಕಾಂಡಾನೋ ಬೇಕೇ ಬೇಕು. ಆದ್ರೆ ಡಾಕರ್‌ಫೈಲಲ್ಲಿ ವರ್ಷನ್ ಇಲ್ದೆ ಪಿಪ್ ಇನ್‌ಸ್ಟಾಲ್ ಬರೆದಿದ್ರೆ ಇವತ್ತು ಕಟ್ಟಿದ ಇಮೇಜಿಗೂ ಆರು ತಿಂಗಳು ಬಿಟ್ಟು ಕಟ್ಟಿದ್ದಕ್ಕೂ ಹೆಸರು ಮಾತ್ರ ಒಂದೇ ಇರುತ್ತೆ. ಬೇಸ್ ಇಮೇಜಿನ ಟ್ಯಾಗೂ ಅಷ್ಟೇ, ಅದು ಓಡಾಡ್ಕೊಂಡಿರೋ ಹೆಸರು, ಕದಲದೇ ಇರೋದು ಡೈಜೆಸ್ಟ್ (ಇಮೇಜಿನ ಚೆಕ್‌ಸಮ್) ಮಾತ್ರ.

ಸರಿಪಡಿಸಿದ್ದು ಏನೇನು ಅಂದ್ರೆ, ಕೋಡಲ್ಲಿ ನಾಲ್ಕು ಲೈನು. ಫಾರ್ಮ್ಯಾಟನ್ನ ದಿನ-ತಿಂಗಳು-ವರ್ಷ ಅಂತ ಬಾಯಿಬಿಟ್ಟು ಹೇಳಿದ್ವಿ, ಗ್ಲಾಬಿಗೆ ಸಾರ್ಟೆಡ್ ಸುತ್ತಿದ್ವಿ, ಕೋಅರ್ಸ್ ತೆಗೆದು ಡ್ಯಾಶ್ ಇರೋ ಸಾಲುಗಳನ್ನ ಮಾತ್ರ ಮೊದ್ಲೇ ಬೇರೆ ಮಾಡಿ ಎಣಿಸಿ ಪ್ರಿಂಟ್ ಮಾಡೋ ಹಾಗೆ ಮಾಡಿದ್ವಿ, ವಾರ್ನಿಂಗ್ ಮುಚ್ಚೋ ಲೈನ್ ಅಳಿಸಿದ್ವಿ. ಎನ್ವಿರಾನ್‌ಮೆಂಟಿಗೆ ಪೈಪ್ರಾಜೆಕ್ಟ್ ಫೈಲಲ್ಲಿ ನಮಗೆ ನೇರವಾಗಿ ಬೇಕಾದ ನಾಲ್ಕೇ ಹೆಸರು, ಯೂವಿಯ ಲಾಕ್ ಫೈಲಲ್ಲಿ ಕೆಳಗಿನದ್ದೆಲ್ಲ ನಂಬರ್ ಮತ್ತೆ ಹ್ಯಾಶ್ ಸಮೇತ, ಪೈಥಾನ್ ಯಾವುದು ಅನ್ನೋ ಒಂದು ಸಣ್ಣ ಫೈಲು, ಮೂರೂ ಗಿಟ್ಟಲ್ಲಿ. ಎನ್ವಿರಾನ್‌ಮೆಂಟ್ ಫೋಲ್ಡರ್ ಮಾತ್ರ ಗಿಟ್‌ಇಗ್ನೋರಲ್ಲಿ, ಅದು ಬೇಕಾದಾಗ ಕಟ್ಟಿ ಬೇಡಾದಾಗ ಬಿಸಾಕೋ ವಸ್ತು. ಯೂವಿಯ ಲಾಕ್ ಫೈಲು ವಿಂಡೋಸಿಗೂ ಲಿನಕ್ಸಿಗೂ ಸೇರಿ ಒಂದೇ ಇರೋದ್ರಿಂದ ಅವಳಿಗೆ ಬೇರೆ ಲಿಸ್ಟ್ ಇಡೋ ಕರ್ಮ ತಪ್ತು. ರನ್ ಮಾಡುವಾಗ 'ಲಾಕ್ಡ್' ಅಂತ ಕೊಡ್ತೀವಿ, ಲಾಕ್ ಫೈಲು ಹಳಸಿದ್ರೆ ತಾನೇ ಅಪ್‌ಡೇಟ್ ಮಾಡ್ಕೊಳ್ಳೋ ಬದ್ಲು ಎರರ್ ಕೊಟ್ಟು ನಿಲ್ಲುತ್ತೆ. ಸ್ಕ್ರಿಪ್ಟ್ ಶುರುವಾದ ಕೂಡ್ಲೇ ಸಿಸ್ ಡಾಟ್ ಎಕ್ಸಿಕ್ಯೂಟಬಲ್, ಪಾಂಡಾಸ್ ವರ್ಷನ್ನು, ಇನ್‌ಪುಟ್ ಫೈಲುಗಳ ಚೆಕ್‌ಸಮ್, ಇಷ್ಟನ್ನ ಲಾಗಿಗೆ ಬರೆಯುತ್ತೆ. ಆ ಮೊದಲನೇದು ನನ್ನ ಹನ್ನೊಂದು ಗಂಟೆ ರಾತ್ರಿಯ ನೆನಪಿಗೆ.

ಹಳೇ ಎನ್ವಿರಾನ್‌ಮೆಂಟನ್ನ ಬಿಸಾಕ್ಲಿಲ್ಲ. ಪೈಥಾನ್ 3.8, ಪಾಂಡಾಸ್ 1.1.5, ಹಳೇ ಸ್ಕ್ರಿಪ್ಟು, ಮೂರನ್ನೂ ಬೇರೆ ಫೋಲ್ಡರಲ್ಲಿ ಅದರದೇ ಲಾಕ್ ಫೈಲ್ ಜೊತೆ ಇಟ್ಟಿದೀವಿ. ತಿದ್ದಿದ ರಿಪೋರ್ಟ್ ಹೋದ ಮಾರನೇ ದಿನಾನೇ "ಹಾಗಾದ್ರೆ ಆಗ 2,058 ಎಲ್ಲಿಂದ ಬಂತು ಸಾರ್" ಅಂತ ಸಪೋರ್ಟ್ ಟೀಮಿನ ಲೀಡ್ ಕೇಳಿದ್ರು, ಅವ್ರ ಮುಂದೆನೇ ರನ್ ಮಾಡಿ ತೋರ್ಸೋಕಾಯ್ತು. 3.8ಕ್ಕೆ 2024ರ ಅಕ್ಟೋಬರಿಗೆ ಸೆಕ್ಯೂರಿಟಿ ಅಪ್‌ಡೇಟೂ ನಿಂತಿದೆ, ಹಾಗಾಗಿ ಅದು ತೋರ್ಸೋಕಷ್ಟೇ, ಹೊಸ ಕೆಲ್ಸಕ್ಕಲ್ಲ.

ಈಗ ಮೂರು ಮಷೀನಲ್ಲೂ ಎಕ್ಸೆಲ್ಲಿನ ನಂಬರುಗಳು ಒಂದೇ. ಚಾರ್ಟಿನ ಪಿಎನ್‌ಜಿ ಫೈಲಿನ ಚೆಕ್‌ಸಮ್ ಮಾತ್ರ ಇನ್ನೂ ಸೇರಲ್ಲ. ಚಾರ್ಟಿಗೆ ಏರಿಯಲ್ ಫಾಂಟ್ ಬೇಕು ಅಂತ ಯಾರೋ ಯಾವಾಗ್ಲೋ ಬರೆದಿದಾರೆ, ಅದು ವಿಂಡೋಸಲ್ಲಿದೆ, ಉಬುಂಟುವಲ್ಲಿ ಇಲ್ಲ, ಅಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಜೊತೆ ತಂದಿರೋ ಡೇಜಾವೂ ಸ್ಯಾನ್ಸ್ ಹಾಕ್ಕೊಳ್ಳುತ್ತೆ. ಫಾಂಟು ಯಾವ ಲಾಕ್ ಫೈಲಲ್ಲೂ ಬರಲ್ಲ. ಆ ಲೈನ್ ತೆಗೆಯೋಣ ಅಂದೆ, ಡೇಜಾವೂ ನೋಡೋಕೆ ಚೆನ್ನಾಗಿಲ್ಲ ಅಂತ ಅವಳು ಬಿಡ್ತಿಲ್ಲ.